ಜತ್ತಪ್ಪ ಬಿಚ್ಚಿದ ಫಿಲ್ಟರ್

ಜತ್ತಪ್ಪನಿಗೆ ಕ್ಷಮಿಸುವ ಗುಣವಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಮೂವತ್ತನಾಲ್ಕು ವರ್ಷ ಮೂಡುಬಿದಿರೆಯಲ್ಲಿ ಕನ್ನಡ ಮಾಷ್ಟ್ರಾಗಿದ್ದ ನನಗೂ ಆ ಗುಣ ಅಷ್ಟಕ್ಕಷ್ಟೆ. ಆದರೆ ನನ್ನ ಸಿಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಇಳಿಯುತ್ತದೆ. ಅವನದು ಎಂಟು ವರ್ಷವಾದರೂ ಇಳಿಯಲಿಲ್ಲ.

ಅವನು ನೆರಿಯ ಎಂಬ ಊರಿನವನು. ಏಳನೇ ತರಗತಿಗೆ ಶಾಲೆ ಬಿಟ್ಟು, ಅಲ್ಲಿ ಇಲ್ಲಿ ಪಂಪ್ ಕೆಲಸ ಕಲಿತು, ನಮ್ಮ ಕ್ಲಬ್ಬಿನ ಈಜುಕೊಳ ನೋಡಿಕೊಳ್ಳಲು ಬಂದ. ಹನ್ನೊಂದು ವರ್ಷ ನೋಡಿಕೊಂಡ. ಆ ಪಂಪು ಎಷ್ಟು ಹಳೆಯದೆಂದರೆ, ಅದನ್ನು ಮಾಡಿದ ಕಂಪೆನಿಯೇ ಮುಚ್ಚಿಹೋಗಿತ್ತು. ಅಚ್ಚನ್ನು ಹಿಡಿದಿರುವ ಒಳಗಿನ ಬುಶ್ ಸವೆದರೆ ಜತ್ತಪ್ಪ ತಾನೇ ಅಳತೆ ತೆಗೆದು, ಲೇತ್ ಅಂಗಡಿಯಲ್ಲಿ ಎದುರಿಗೆ ನಿಂತು ಕಡೆಸಿ ತರುತ್ತಿದ್ದ. ಕೊಳದ ತಳದಲ್ಲಿ ಬಿದ್ದ ಸೂಜಿ ಮೇಲಿನಿಂದ ಕಾಣುವಷ್ಟು ನೀರು ತಿಳಿಯಾಗಿರುತ್ತಿತ್ತು.

ಕೊಳದ ನೀರನ್ನು ಪಂಪು ಎಳೆದು ಒಂದು ದೊಡ್ಡ ಡ್ರಮ್ಮಿಗೆ ತಳ್ಳುತ್ತದೆ. ಅದೇ ಫಿಲ್ಟರ್. ಅದರ ತುಂಬ ಮರಳು. ಮರಳಿನಲ್ಲಿ ಸೋಸಿದ ನೀರು ತಿರುಗಿ ಕೊಳಕ್ಕೆ ಬರುತ್ತದೆ. ಒಂದೇ ಗಾತ್ರದ, ತೊಳೆದು ಚೀಲದಲ್ಲಿ ತುಂಬಿ ಮಾರುವ ಮರಳೇ ಅದಕ್ಕೆ ಆಗಬೇಕು. ನಮ್ಮ ಕಾರ್ಯದರ್ಶಿ ಶಶಿಕಿರಣನ ತಲೆಗೆ ಇದು ಹೋಗಲಿಲ್ಲ. (ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ.) ನಮ್ಮ ಜಿಲ್ಲೆಯಲ್ಲೇ ನೇತ್ರಾವತಿ ಹರಿಯುವಾಗ ಮರಳನ್ನು ಯಾರಾದರೂ ಹೊರಗಿನಿಂದ ತರಿಸುತ್ತಾರೆಯೇ ಎಂದು ನಕ್ಕ. ಜತ್ತಪ್ಪ ರಜೆಯಲ್ಲಿದ್ದ ವಾರ ಬಂಟ್ವಾಳದಿಂದ ಒಂದು ಪಿಕಪ್ ಹೊಳೆಯ ಹೊಯ್ಗೆ ತರಿಸಿ ಫಿಲ್ಟರಿಗೆ ತುಂಬಿಸಿಯೇ ಬಿಟ್ಟ. ಹೊಯ್ಗೆ ಇಳಿಸುವಾಗ ನಾನು ಗೇಟಿನ ಹತ್ತಿರ ನಿಂತಿದ್ದೆ. ನೋಡಿದೆ, ಮನೆಗೆ ಹೋದೆ.

ನೀರು ನಾಲ್ಕೇ ದಿನದಲ್ಲಿ ಗಂಜಿತಿಳಿಯಂತಾಯಿತು. ಮಕ್ಕಳ ಕಣ್ಣು ಕೆಂಪಾಯಿತು. ಜಿಲ್ಲಾ ಮಟ್ಟದ ಸ್ಪರ್ಧೆಯೊಂದು ನಮ್ಮಲ್ಲಿ ನಡೆಯಬೇಕಾದದ್ದು ರದ್ದಾಯಿತು. ಸಭೆ ಕರೆದರು. ಜತ್ತಪ್ಪ ಕುಡಿದು ಮಲಗುತ್ತಾನೆ, ಫಿಲ್ಟರ್ ತೊಳೆಯುವುದಿಲ್ಲ ಎಂದು ಶಶಿಕಿರಣ ಎಲ್ಲವನ್ನೂ ಅವನ ತಲೆಗೆ ಕಟ್ಟಿದ. ಬಾಟಲಿಯ ಮುಖ ನೋಡದ ಮನುಷ್ಯ ಜತ್ತಪ್ಪ. ಅವನು ಎದ್ದು ನಿಂತು ತುಳುವಿನಲ್ಲಿ ಒಂದೇ ಮಾತು ಹೇಳಿದ. "ಪೊಯ್ಯೆ. ಅವು ಪೊಯ್ಯೆ." ಅದು ಹೊಯ್ಗೆ, ಹೊಳೆಯ ಮರಳು, ಎಂದು. ಸಭೆಯ ನಡಾವಳಿ ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಶಶಿಕಿರಣ ನನ್ನತ್ತ ನೋಡಿದ. ನಾನು ಬರೆದೆ: "ನೌಕರನು ಸಮಾಧಾನಕರ ಉತ್ತರ ನೀಡಲಿಲ್ಲ."

ಅಕ್ಷರ ದುಂಡಗಿತ್ತು. ಅಂದೇ ಅವನನ್ನು ಕೆಲಸದಿಂದ ತೆಗೆದರು. ಮೂಡುಬಿದಿರೆಯಲ್ಲಿ ಅವನಿಗೆ "ಕುಡುಕ ಜತ್ತಪ್ಪ" ಎಂಬ ಹೆಸರು ಅಂಟಿತು. ನಿಶ್ಚಯವಾಗಿದ್ದ ಮಗಳ ಮದುವೆ ಆ ಹೆಸರಿನಿಂದಲೇ ಮುರಿಯಿತು. ಅವನು ಮಾಣಿ ಪೇಟೆಗೆ ಹೋಗಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟ. ಕೆಲಸ ಚೆನ್ನಾಗಿಯೇ ನಡೆಯಿತು. ಹೆಸರು ಮಾತ್ರ ಸರಿಯಾಗಲಿಲ್ಲ.

ಕಳೆದ ವರ್ಷ ಪಂಪು ನರಳತೊಡಗಿತು. ಎಂಟು ವರ್ಷ ಕೆಸರು ಇಳಿಸುವ ಆಲಂ ಸುರಿದು ಸುರಿದು ನೀರನ್ನು ಹೇಗೋ ಸುಧಾರಿಸಿದ್ದರು, ಫಿಲ್ಟರಿನ ಮುಚ್ಚಳ ಮಾತ್ರ ಯಾರೂ ತೆಗೆದಿರಲಿಲ್ಲ. ಮಂಗಳೂರಿನಿಂದ ಬಂದ ಮಾರಾಟಗಾರ ಎಲ್ಲವನ್ನೂ ಹೊಸತು ಮಾಡಿ ಎಂದ. ಅರ್ಧ ಸಮಿತಿ ಹೊಸತು ಎಂದಿತು, ಅರ್ಧ ರಿಪೇರಿ ಎಂದಿತು. ಎಲ್ಲರಿಗಿಂತ ಜೋರಾಗಿ ಹೊಸತು ಎಂದವನು ಶಶಿಕಿರಣ. ಏಕೆಂದು ನನಗೆ ಗೊತ್ತಿತ್ತು. ಹೊಸತು ಬಂದರೆ ಹಳೆಯ ಡ್ರಮ್ಮು ಮುಚ್ಚಿದ ಹಾಗೆಯೇ ಗುಜರಿಗೆ ಹೋಗುತ್ತದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಆ ವರ್ಷ ಅಧ್ಯಕ್ಷರಾಗಿದ್ದವರು ಪ್ರಭಾವತಿ ಅಮ್ಮ, ಜವಳಿ ವ್ಯಾಪಾರದ ಮನೆತನದವರು. ನೂಲು ಎಳೆದು ನೋಡದೆ ಬಟ್ಟೆ ಕೊಳ್ಳದ ಹೆಂಗಸು. "ಆ ಮೆಷಿನ್ ಗೊತ್ತಿರುವವರು ಒಬ್ಬರೇ ಅಲ್ವಾ? ಅವರನ್ನೇ ಕರೆಯುವ" ಎಂದರು.

ಜತ್ತಪ್ಪ ಬಂದ. ಗಡ್ಡ ನರೆತಿತ್ತು. ಯಾರ ನಮಸ್ಕಾರವನ್ನೂ ತೆಗೆದುಕೊಳ್ಳಲಿಲ್ಲ.

"ರಿಪೇರಿಯಾ, ಹೊಸತಾ? ನೀವು ಹೇಳಿದ ಹಾಗೆ" ಎಂದರು ಪ್ರಭಾವತಿ ಅಮ್ಮ.

"ಬಿಚ್ಚದೆ ಹೇಳ್ಲಿಕ್ಕೆ ಆಗುದಿಲ್ಲ ಅಮ್ಮ. ಎಲ್ಲರೂ ನಿಂತು ನೋಡ್ಬೇಕು."

"ಅದನ್ನು ಯಾಕೆ ಸುಮ್ಮನೆ ಬಿಚ್ಚುದು ಮಾರಾಯ, ಹಳೇದು..." ಎಂದು ಶಶಿಕಿರಣ ಶುರು ಮಾಡಿದ. ಜತ್ತಪ್ಪ ಅವನ ಕಡೆ ತಿರುಗಲೂ ಇಲ್ಲ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಒಂದೊಂದಾಗಿ ಕಳಚಿದ. ಒಂದು ಗಂಟೆ ಹಿಡಿಯಿತು. ಶಶಿಕಿರಣ ಮೂರು ಸಲ ಫೋನ್ ಬಂತೆಂದು ಹೊರಟ, ಮೂರು ಸಲವೂ ಪ್ರಭಾವತಿ ಅಮ್ಮ ತಡೆದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಈ ಖುಷಿಗೆ ನಾನು ಹಕ್ಕುದಾರನಲ್ಲ ಎಂಬುದು ಆಗ ನೆನಪಾಗಲಿಲ್ಲ.

ಮುಚ್ಚಳ ಎದ್ದಿತು. ಜತ್ತಪ್ಪ ಮೊಣಕೈವರೆಗೆ ಕೈ ಹಾಕಿ, ಒಂದು ಬೊಗಸೆ ತೆಗೆದು ಪಕ್ಕದ ಮೇಜಿನ ಮೇಲೆ ಸುರಿದ. ಕೆಸರು ಮೆತ್ತಿದ ಸಣ್ಣ ಮರಳು, ನಡುವೆ ಹೊಳೆಯ ಕಲ್ಲು, ಮರುವಾಯಿಯ ಒಡೆದ ಚಿಪ್ಪುಗಳು. ನದಿಯಿಂದ ಹೆಕ್ಕಿ ಗಸಿ ಮಾಡಿ ಉಣ್ಣುವ ಮರುವಾಯಿ. ಅದನ್ನು ಗುರುತಿಸದವರು ಈ ಕಡೆ ಇಲ್ಲ. ಈ ಚಿಪ್ಪಿನಲ್ಲಿ ಸೋಸಿದ ನೀರಿನಲ್ಲಿ ಮೊಮ್ಮಕ್ಕಳು ಈಜಿದ್ದು ನೆನೆದು ಪ್ರಭಾವತಿ ಅಮ್ಮ ಸೆರಗಿನಿಂದ ಮೂಗು ಮುಚ್ಚಿದರು.

ಜತ್ತಪ್ಪ ನನ್ನ ಎದುರು ಬಂದು ನಿಂತ. "ಮಾಷ್ಟ್ರೇ, ಇದಕ್ಕೆ ಕನ್ನಡದಲ್ಲಿ ಎಂತ ಹೇಳುದು?"

"ಮರಳು."

"ಯಾವ ಮರಳು?"

"ಹೊಳೆಯ ಮರಳು."

"ಬರೀರಿ. ಯಾರು ತರಿಸಿದ್ದು ಅಂತ ಸಹ ಬರೀರಿ. ನಿಮಗೆ ಗೊತ್ತುಂಟು, ಇಳಿಸುವಾಗ ಗೇಟಿನ ಹತ್ರ ಇದ್ರಲ್ಲ."

ನಾನು ಬರೆದೆ. ಗಟ್ಟಿಯಾಗಿ ಓದಿ ಎಂದ, ಓದಿದೆ. "ತಪ್ಪಾಗಿದೆ ಜತ್ತಪ್ಪ, ಅದು ಹಳೇ ಕತೆ, ಬಿಡು" ಎಂದು ಶಶಿಕಿರಣ ಕೈ ಹಿಡಿಯಲು ಬಂದ. ಜತ್ತಪ್ಪ ಕೆಸರಿನ ಕೈಯನ್ನು ತನ್ನದೇ ಅಂಗಿಗೆ ಒರೆಸಿಕೊಂಡ, ಅವನಿಗೆ ಕೊಡಲಿಲ್ಲ. ವಾರದೊಳಗೆ ಶಶಿಕಿರಣ ರಾಜೀನಾಮೆ ಕೊಟ್ಟ.

"ಹಾಗಾದ್ರೆ ರಿಪೇರಿ ಆಗ್ತದಾ?" ಎಂದು ಪ್ರಭಾವತಿ ಅಮ್ಮ ಅಂದೇ ಕೇಳಿದ್ದರು.

"ಆಗ್ತದೆ. ಮರಳು ಬದಲಿಸಿ ಎರಡು ಬುಶ್ ಹಾಕಿದ್ರೆ ಇನ್ನು ಹತ್ತು ವರ್ಷ ಓಡ್ತದೆ. ಪಂಪಿಗೆ ಎಂತ ಸಹ ಆಗ್ಲಿಲ್ಲ." ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡ. "ಆದ್ರೆ ನಾನು ಮಾಡುದಿಲ್ಲ."

ಬೇರೆ ಮೂವರನ್ನು ಕರೆಸಿ ನೋಡಿದೆವು. ಯಾರ ಕೈಗೂ ಆ ಪಂಪು ಬಗ್ಗಲಿಲ್ಲ. ಹೊಸತೇ ಬಂತು. ಸರಿಯಾಗುವ ಯಂತ್ರವೆಂದು ಗೊತ್ತಿದ್ದೂ ಅದನ್ನು ನಮ್ಮ ಕೈಯಾರೆ ಗುಜರಿಯ ಲಾರಿಗೆ ಏರಿಸಿದೆವು.

ಈಗ ಜತ್ತಪ್ಪನ ಮಗಳಿಗೆ ಮದುವೆಯಾಗಿದೆ. ಮೂಡುಬಿದಿರೆಯಲ್ಲಿ ಆ ಹಳೆಯ ಹೆಸರನ್ನು ಯಾರೂ ಹೇಳುವುದಿಲ್ಲ. ಎಲ್ಲ ಮುಗಿಯಿತೆಂದು ನಾನು ತಿಳಿದಿದ್ದೆ.

ಹೋದ ತಿಂಗಳು ನಮ್ಮ ಬಾವಿಯ ಪಂಪು ನಿಂತಿತು. ಆಟೋದಲ್ಲಿ ಹಾಕಿಕೊಂಡು ಮಾಣಿಗೆ ಹೋದೆ. ಜತ್ತಪ್ಪ ಕುರ್ಚಿ ಕೊಟ್ಟ, ಎಳನೀರು ತರಿಸಿದ, ನನ್ನ ಸಕ್ಕರೆ ಕಾಯಿಲೆ ವಿಚಾರಿಸಿದ. ಪಂಪನ್ನು ಕಾಲಿನಿಂದ ಸ್ವಲ್ಪ ಸರಿಸಿ, "ಮಾಷ್ಟ್ರೇ, ಹೊಸತೇ ತೆಗೊಳ್ಳಿ" ಎಂದ.

"ಬಿಚ್ಚಿ ನೋಡುದಿಲ್ವಾ?"

"ಬೇಡ. ಬಿಚ್ಚಿದ್ರೆ ರಿಪೇರಿ ಆಗ್ತದೆ ಅಂತ ನಿಮಗೆ ಗೊತ್ತಾಗ್ತದೆ."