ನಾಯಕಿಯ ಊಟದ ಹೊತ್ತು

ಒಂದೇ ಹೆಸರಿನಲ್ಲಿ ನಾವು ಮೂವರು ಬರೆಯುತ್ತಿದ್ದೆವು. ಮೂಡುಬಿದಿರೆಯಿಂದ ನಾನು, ಬೆಳ್ತಂಗಡಿಯಿಂದ ಜೈನರ ಮನೆಯ ಟೀಚರೊಬ್ಬರು, ಬಂಟ್ವಾಳದಿಂದ ಗಲ್ಫ್ ಬಿಟ್ಟು ಬಂದು ಊರಲ್ಲಿ ನೆಲೆಸಿದ್ದ ಬ್ಯಾರಿ ಗೃಹಸ್ಥರೊಬ್ಬರು. ಮಕ್ಕಳ ಪತ್ತೇದಾರಿ ಮಾಲೆ. ಮುಖಪುಟದಲ್ಲಿ ಹೆಸರಿದ್ದ ಲೇಖಕಿ ಎಲ್ಲಿಯೂ ಇರಲಿಲ್ಲ. ಅವರನ್ನು ಪ್ರಕಾಶಕರೇ ಹುಟ್ಟಿಸಿದ್ದು. ನಿಜವಾಗಿ ಬರೆಯುವವರು ಯಾರೆಂದು ಯಾರಿಗೂ ಹೇಳುವುದಿಲ್ಲ ಎಂದು ಮೂವರೂ ಸಹಿ ಹಾಕಿ ಕೊಟ್ಟಿದ್ದೆವು. ಬಾಯಿ ಬಿಟ್ಟರೆ ಕೆಲಸ ಹೋಯಿತು.

ಕಥೆಗಳು ಒಬ್ಬರೇ ಬರೆದಂತೆ ಕಾಣಲಿ ಎಂದು ಪ್ರಕಾಶಕರು ನಿಯಮಗಳ ಪಟ್ಟಿಯನ್ನೂ ಕಳಿಸಿದ್ದರು. ನಾಯಕಿಗೆ ಹನ್ನೆರಡು ವರ್ಷ; ಎಷ್ಟು ಪುಸ್ತಕ ಬಂದರೂ ಹನ್ನೆರಡೇ. ಎಡ ಮೊಣಕಾಲಿನಲ್ಲಿ ಗಾಯದ ಕಲೆ. ನಾಯಿ ಕಂಡರೆ ಹೆದರಿಕೆ. ಸುಳ್ಳು ಹೇಳಬಾರದು; ಕಥೆಗೆ ಬೇಕೇ ಬೇಕೆಂದರೆ ಹೇಳಿ, ಅದೇ ಅಧ್ಯಾಯ ಮುಗಿಯುವುದರೊಳಗೆ ಒಪ್ಪಿಕೊಳ್ಳಬೇಕು. ಕೊನೆಯ ಪುಟದಲ್ಲಿ ಒಂದು ನೀತಿ.

ಆ ನೀತಿಯನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕಳ್ಳನನ್ನು ಹಿಡಿದ ಹುಡುಗಿ ಮರುಕ್ಷಣವೇ ಭಾಷಣ ಬಿಗಿದರೆ ಯಾವ ಮಗು ಕೇಳುತ್ತದೆ? ಗೊಣಗಿಕೊಂಡೇ ಏಳು ಪುಸ್ತಕ ಬರೆದೆ. ಬರೆಯುವ ಖುಷಿ ಅಷ್ಟಿತ್ತು. ಕೊರಗು ಒಂದೇ: ಓದಿದವರಲ್ಲಿ ಒಬ್ಬರಾದರೂ ನನ್ನ ಮುಖ ನೋಡಿ, ಇದು ನಿಮ್ಮದು ಎನ್ನಬೇಕಿತ್ತು.

ಹೀಗಿರುವಾಗ ಶಿರ್ತಾಡಿ ಕಡೆಯ ಒಂದು ಶಾಲೆಯಲ್ಲಿ ಪುಸ್ತಕ ಮಾರಾಟಕ್ಕೆ ಕೂರಲು ಪ್ರಕಾಶಕರು ನನ್ನನ್ನೇ ಕಳಿಸಿದರು. ಮಾರುವವಳಾಗಿ ಮಾತ್ರ. ಮಕ್ಕಳು ನಮ್ಮ ಮಾಲೆಗೆ ಮುಗಿಬಿದ್ದದ್ದು ನೋಡಿ ನನಗೆ ಕುರ್ಚಿಯಲ್ಲಿ ಕೂರಲಿಕ್ಕೇ ಆಗಲಿಲ್ಲ.

ಜಡೆಗೆ ನೀಲಿ ರಿಬ್ಬನ್ ಕಟ್ಟಿದ್ದ ಹುಡುಗಿಯೊಬ್ಬಳು ಮೂರು ಪುಸ್ತಕ ತಂದು ನನ್ನೆದುರು ಸಾಲಾಗಿ ಇಟ್ಟಳು. ಮೂರೂ ಅವಳ ಮನೆಯವೇ, ಓದಿ ಓದಿ ಮೂಲೆ ಮಡಚಿಹೋದವು.

“ಅಕ್ಕ, ಇದ್ರಲ್ಲಿ ಅವಳದ್ದು ಹೊತ್ತು ಕಂತುವ ಮೊದಲೇ ಊಟ ಆಗ್ತದೆ. ಇದ್ರಲ್ಲಿ ಮಸೀದಿಯಲ್ಲಿ ರಾತ್ರಿಯ ಬಾಂಗ್ ಕೇಳಿದ ಮೇಲೆ. ಇದ್ರಲ್ಲಿ ಕೊನೆಯ ಬಸ್ಸು ಹೋದ ಮೇಲೆ. ಒಬ್ಬಳೇ ಹುಡುಗಿ ಅಲ್ವಾ? ಬರೆಯುವವರು ಮೂರು ಜನ ಇರ್ಬೇಕು.”

ಮೊಣಕಾಲಿನ ಕಲೆಯನ್ನು ಅಷ್ಟು ಜೋಪಾನ ಮಾಡಿದ್ದ ನಮಗೆ ಊಟದ ಹೊತ್ತು ಹೊಳೆದೇ ಇರಲಿಲ್ಲ! ಅವರವರ ಮನೆಯ ಹೊತ್ತೇ ಲೋಕದ ಹೊತ್ತು ಎಂದುಕೊಂಡು ಮೂವರೂ ಬರೆದಿದ್ದೆವು. ಬೆಳ್ತಂಗಡಿಯ ಟೀಚರು ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ಬಂಟ್ವಾಳದವರು ರಾತ್ರಿಯ ನಮಾಜು ಮುಗಿಸಿಯೇ ಊಟಕ್ಕೆ ಕೂರುವವರು. ನನ್ನ ಅಪ್ಪ ಬಸ್ ಕಂಡಕ್ಟರ್. ಚಿಕ್ಕಂದಿನಲ್ಲಿ ಬೆಳುವಾಯಿಯ ನಮ್ಮ ಮನೆಯೆದುರು ಕೊನೆಯ ಬಸ್ಸು ನಿಂತು ಅವರು ಇಳಿದ ಮೇಲೆಯೇ ಅಮ್ಮ ಬಟ್ಟಲು ಇಡುತ್ತಿದ್ದದ್ದು. ಅಪ್ಪ ಹೋಗಿ ವರ್ಷಗಳಾದವು. ಅವರ ಬಸ್ಸು ಏಳು ಪುಸ್ತಕಗಳಲ್ಲೂ ಬಂದು ಹೋಗಿತ್ತು, ನನಗೇ ಗೊತ್ತಿಲ್ಲದೆ.

ಸುಮ್ಮನಿರಬೇಕಿತ್ತು. ಆದರೆ ಬರೆಯುವವರ ಚಪಲ ಕೇಳಬೇಕಲ್ಲ!

“ಮೂರರಲ್ಲಿ ಯಾವುದು ಚೆಂದ ಉಂಟು?” ಎಂದು ಕೇಳಿಯೇಬಿಟ್ಟೆ.

ಹುಡುಗಿ ನನ್ನನ್ನೇ ದಿಟ್ಟಿಸಿದಳು. “ಯಾಕೆ? ಇದ್ರಲ್ಲಿ ನಿಮ್ಮದು ಯಾವುದು?”

“ನಂದಾ? ಅಲ್ಲ ಮಾರಾಯ್ತಿ, ನಾನು ಮಾರ್ಲಿಕ್ಕೆ ಬಂದವಳು.”

“ಹೌದಾ” ಎಂದು ಅವಳು ಪುಸ್ತಕಗಳನ್ನು ಎತ್ತಿಕೊಂಡು ಹೊರಟಳು. ಮುಖ ಬಾಡಿತ್ತು. ಅಷ್ಟು ಸರಿಯಾಗಿ ಪತ್ತೆ ಹಚ್ಚಿದ ಮಗುವಿಗೆ, ನೀನು ತಪ್ಪಿದೆ ಎಂದು ನಾನೇ ನಂಬಿಸಿದ್ದೆ. ನನಗೆ ನಾಚಿಕೆಯಾಯಿತು. ಏಳು ಸಲ ಕೊನೆಯ ಪುಟದಲ್ಲಿ ನೀತಿ ಹೇಳಿದ ಕೈ ಇದೇ ಅಲ್ಲವೇ? ಅಧ್ಯಾಯ ಮುಗಿಯುವುದರೊಳಗೆ ಒಪ್ಪಿಕೊಳ್ಳಬೇಕು ಎಂಬ ನಿಯಮ ಮೊದಲ ಬಾರಿಗೆ ಸರಿ ಅನ್ನಿಸಿತು. ಕೆಲಸ ಹೋದರೆ ಹೋಗಲಿ ಎಂದು ಅಂಗಳದಲ್ಲಿ ಅವಳ ಹಿಂದೆ ಓಡಿದೆ. ಸೆರಗು ಎಲ್ಲೋ, ಚಪ್ಪಲಿ ಎಲ್ಲೋ.

“ನಿಲ್ಲು! ಕೊನೆಯ ಬಸ್ಸಿನದ್ದು ನಂದು” ಎಂದೆ, ಏದುಸಿರು ಬಿಡುತ್ತ.

ಅವಳು ಕುಣಿದೇಬಿಟ್ಟಳು. “ನಂಗೆ ಗೊತ್ತಿತ್ತು! ಯಾರಿಗೂ ಹೇಳುದಿಲ್ಲ ಅಕ್ಕ. ಸಹಿ ಹಾಕಿ.”

ಪೆನ್ನು ಹಿಡಿದು ನಿಂತೆ. ಮುಖಪುಟದ ಹೆಸರು ಬರೆದರೆ ಇನ್ನೊಂದು ಸುಳ್ಳು. ನನ್ನ ಹೆಸರು ಬರೆದರೆ ಅವಳು ಕಾಯುತ್ತೇನೆಂದ ಗುಟ್ಟು ಉಳಿಯುವುದಿಲ್ಲ. ಕೊನೆಗೆ ಮೊದಲ ಪುಟದಲ್ಲಿ ಒಂದು ಬಸ್ಸು ಬಿಡಿಸಿದೆ. ಸೊಟ್ಟ ಚಕ್ರ, ನಾಲ್ಕು ಕಿಟಕಿ.

ಅವಳು ಪುಸ್ತಕ ತಿರುಗಿಸಿ ತಿರುಗಿಸಿ ನೋಡಿದಳು. “ಕಂಡಕ್ಟರ್ ಇಲ್ಲದೆ ಬಸ್ಸು ಹೇಗೆ ಹೋಗುದು ಅಕ್ಕ?”

ಪುಸ್ತಕ ವಾಪಸು ತೆಗೆದುಕೊಂಡೆ. ಬಸ್ಸಿಗೆ ಬಾಗಿಲು ಬಿಡಿಸಿ, ಅದರ ಮೆಟ್ಟಿಲಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಅಪ್ಪನನ್ನು ನಿಲ್ಲಿಸಿದೆ.