ದೊಡ್ಡಮ್ಮ ಹೇಳಿದ ರತ್ನಗಂಬಳಿ

ಮೊನ್ನೆ ಮಳೆಯಲ್ಲಿ ನೆನೆದ ಕುರಿಗಾಹಿಯೊಬ್ಬ ಬಸ್ಸು ಹತ್ತಿದ. ಅವನ ಕಂಬಳಿಯಿಂದ ಬಂದ ಒದ್ದೆ ಉಣ್ಣೆಯ ವಾಸನೆ ನರಸಾಪುರ ದಾಟುವವರೆಗೂ ನನ್ನ ಪಕ್ಕದಲ್ಲೇ ಇತ್ತು. ನಾನು ಚಿಕ್ಕವಳಿದ್ದಾಗ ಮುಳಬಾಗಿಲಿನ ನಮ್ಮ ಮನೆಗೂ ಅದೇ ವಾಸನೆ. ತಾಯಲೂರಿನ ಕಡೆಯಿಂದ ಉಣ್ಣೆ ಜಿಡ್ಡು, ಮುಳ್ಳು, ಮಣ್ಣಿನ ಸಮೇತ ಮೂಟೆಯಲ್ಲಿ ಬರುತ್ತಿತ್ತು. ತೊಳೆದು, ಹಿಂಜಿ, ನೂತು, ಬಿಳಿಯದನ್ನು ಮಾತ್ರ ಹಿತ್ತಲಿನ ಹಂಡೆಯಲ್ಲಿ ಬಣ್ಣಕ್ಕೆ ಹಾಕುತ್ತಿದ್ದರು. ಕಪ್ಪು ಕುರಿಯ ಉಣ್ಣೆಗೆ ಬಣ್ಣ ಬೇಕಿರಲಿಲ್ಲ. ನಡುಮನೆಯ ಗೋಡೆಯುದ್ದಕ್ಕೂ ನಿಲ್ಲಿಸಿದ ಮಗ್ಗ. ಮೇಲಿನ ತೊಲೆಯಿಂದ ಕೆಳಗಿನ ತೊಲೆಗೆ ಬಿಗಿದ ಹತ್ತಿಯ ಹಾಸುನೂಲು. ಅದರ ಮುಂದಿನ ಹಲಗೆಯ ಮೇಲೆ ದೊಡ್ಡಮ್ಮ ಮತ್ತು ನಮ್ಮಮ್ಮ ಅಕ್ಕಪಕ್ಕ ಕೂತು ಒಂದೊಂದೇ ಗಂಟು ಹಾಕುತ್ತಿದ್ದರು. ದೊಡ್ಡಪ್ಪ ಸ್ಟೂಲಿನ ಮೇಲೆ ಚಿತ್ತಾರದ ಕಾಗದ ಹಿಡಿದು "ಎರಡು ಕಪ್ಪು, ಒಂದು ಕೆಂಪು, ಮೂರು ಬಿಳಿ" ಎಂದು ಕೂಗುತ್ತಿದ್ದರು. ಸಾಲು ಮುಗಿದಾಗ ಅಡ್ಡಕ್ಕೆ ನೂಲು ಹಾಯಿಸಿ, ಕಬ್ಬಿಣದ ಬಾಚಣಿಗೆಯಿಂದ ಬಡಿದು ಕೂರಿಸುವುದು. ದಿನಕ್ಕೆ ನಾಲ್ಕು ಬೆರಳು ಏರಿದರೆ ಹೆಚ್ಚು.

ಕೋಲಾರದ ವಕೀಲರೊಬ್ಬರು ಮಗಳ ಮದುವೆಗೆಂದು ಮಾವಿನಕಾಯಿ ಅಂಚಿನ ರತ್ನಗಂಬಳಿ ಹೇಳಿಹೋಗಿದ್ದರು. ಅದು ಅರ್ಧ ಏರಿದ್ದಾಗ, ದೊಡ್ಡಪ್ಪ ಕೆಂಪು ಅಂದಲ್ಲಿ ದೊಡ್ಡಮ್ಮ ಕಪ್ಪು ಕಟ್ಟುತ್ತಿರುವುದನ್ನು ಅಮ್ಮ ನೋಡಿದಳು. ಆ ಗಂಟುಗಳನ್ನು ಬಿಚ್ಚಿ ತಾನೇ ಕಟ್ಟಿದಳು. ಮರುದಿನದಿಂದ ಉಣ್ಣೆಯ ಉಂಡೆಗಳನ್ನು ಎಡಕ್ಕೆ ಕೆಂಪು, ನಡುವೆ ಕಪ್ಪು, ಬಲಕ್ಕೆ ಬಿಳಿ ಎಂದು ಒಂದೇ ಕ್ರಮದಲ್ಲಿ ತೂಗುಹಾಕತೊಡಗಿದಳು. ದೊಡ್ಡಮ್ಮನ ಕೈಗೆ ಆ ಜಾಗಗಳು ರೂಢಿಯಾದವು. ಎರಡು ವಾರ ಹಾಗೇ ನಡೆಯಿತು.

ಅಮ್ಮ ತವರಿಗೆ ಹೋಗಿದ್ದಾಗ ದೊಡ್ಡಪ್ಪ ತಾವೇ ಹೊಸ ಉಂಡೆಗಳನ್ನು ಕೈಗೆ ಸಿಕ್ಕ ಕ್ರಮದಲ್ಲಿ ತೂಗುಹಾಕಿದರು. ಮೂರನೆಯ ಸಂಜೆ ಹಿಂದೆ ಸರಿದು ನಿಂತು ನೋಡಿದರೆ, ಗೇಣಗಲ ಅಂಚಿನಲ್ಲಿ ಕೆಂಪಿರಬೇಕಾದ ಮಾವಿನಕಾಯಿಗಳೆಲ್ಲ ಕಪ್ಪಾಗಿದ್ದವು. ಅವರು ಒಂದು ಉಂಡೆ ಕಿತ್ತು ದೊಡ್ಡಮ್ಮನ ಮುಂದೆ ಹಿಡಿದರು.

"ಇದ್ಯಾವ ಬಣ್ಣ?"

ಅವಳು ಅದನ್ನು ಮುಟ್ಟಿ ನೋಡಿ, "ನೀವೇ ಹೇಳಿ" ಅಂದಳು.

ಕೋಲಾರದ ಕಣ್ಣಿನ ಡಾಕ್ಟರು ನರ ಒಣಗಿದೆ, ಹೋದದ್ದು ಹಿಂದಕ್ಕೆ ಬರುವುದಿಲ್ಲ ಎಂದು ಹೇಳಿ ಕಳುಹಿಸಿದರು. ದೊಡ್ಡಪ್ಪ ಎರಡು ದಿನ ಕೂತು ಆ ಗೇಣಗಲದ ಗಂಟುಗಳನ್ನೆಲ್ಲ ಬಿಚ್ಚಿದರು. ತಪ್ಪನ್ನು ಸಹಿಸುವ ಮನುಷ್ಯರಲ್ಲ. ಹೊರಗಿನಿಂದ ಯಾರನ್ನಾದರೂ ಕರೆತಂದು ದೊಡ್ಡಮ್ಮನ ಜಾಗದಲ್ಲಿ ಕೂರಿಸುತ್ತಾರೆಂದು ತವರಿನಿಂದ ಮರಳಿದ ಅಮ್ಮ ಹೆದರಿದ್ದಳು. ದೊಡ್ಡಮ್ಮ ಅಡುಗೆಮನೆಯಿಂದ ಈಚೆಗೇ ಬರಲಿಲ್ಲ. ಮೂರನೆಯ ಬೆಳಿಗ್ಗೆ ದೊಡ್ಡಪ್ಪ ಹಲಗೆಯ ಮೇಲೆ ಅವಳ ಜಾಗದಲ್ಲಿ ತಾವೇ ಕೂತು, ಅವಳನ್ನು ಕರೆದು ಸ್ಟೂಲು ತೋರಿಸಿದರು. "ನೀನು ಹೇಳು. ನಾನು ಕಟ್ತೀನಿ" ಅಂದರು.

ಕಾಗದ ಅವಳಿಗೆ ಕಾಣುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತು ಶುರುಮಾಡಿದಳು. "ರೆಂಡು ನಲುಪು, ಒಕಟಿ ಎರುಪು, ಮೂಡು ತೆಲುಪು." ಅವಳ ತವರು ಗಡಿಯಾಚೆ. ಇಷ್ಟು ವರ್ಷ ದೊಡ್ಡಪ್ಪ ಕನ್ನಡದಲ್ಲಿ ಕೂಗಿದ್ದೆಲ್ಲ ಅವಳೊಳಗೆ ತೆಲುಗಾಗಿ ಕೂತಿತ್ತೆಂದು ನಮಗಾರಿಗೂ ಗೊತ್ತಿರಲಿಲ್ಲ. ದೊಡ್ಡಪ್ಪನ ಬೆರಳು ನಿಧಾನ. ಬಾಚಣಿಗೆಯ ಸದ್ದು ಕೇಳಿಯೇ ಅವಳು ಇನ್ನೊಂದೇಟು ಬೇಕು ಅನ್ನುತ್ತಿದ್ದಳು; ಅವರು ಮರುಮಾತಿಲ್ಲದೆ ಬಡಿಯುತ್ತಿದ್ದರು. ಮದುವೆಗೆ ಎಂಟು ದಿನವಿರುವಾಗ ರತ್ನಗಂಬಳಿ ಮಗ್ಗದಿಂದ ಇಳಿಯಿತು. ಕತ್ತರಿಯಿಂದ ಮೇಲ್ಮೈ ಸಮಮಾಡಿ ಕಳುಹಿಸಿದೆವು. ಹಾಗೇ ಇನ್ನೂ ನಾಲ್ಕು ನೇಯ್ದರು.

ದೊಡ್ಡಪ್ಪ ಹೋದ ಮೇಲೆ ಮಗ್ಗ ಬಿಚ್ಚಿದೆವು. ಕಾಗದಗಳನ್ನು ಅಷ್ಟರಲ್ಲಿ ಗೆದ್ದಲು ತಿಂದಿತ್ತು. ಕಾಲೇಜಿನ ರಜೆಯಲ್ಲಿ ನಾನು ನೋಟುಬುಕ್ಕು ಹಿಡಿದು ದೊಡ್ಡಮ್ಮನ ಮುಂದೆ ಕೂತು, ಮಾವಿನಕಾಯಿ ಅಂಚನ್ನು ಹೇಳು, ಬರೆದುಕೊಳ್ಳುತ್ತೇನೆ ಅಂದೆ. ತೆಲುಗಿನಲ್ಲೇ ಏಳು ಸಾಲು ಹೇಳಿ ನಿಲ್ಲಿಸಿದಳು.

"ಎದುರಿಗೆ ಗಂಟು ಹಾಕೋರು ಕೂತಿದ್ರೆ ಬಾಯಿಗೆ ಬರುತ್ತೆ ಕಣೇ. ಸುಮ್ನೆ ಕೇಳಿದ್ರೆ ಬರಲ್ಲ."

ನಾನು ಕಾದೆ. ಬರಲಿಲ್ಲ. ಆಮೇಲೆ, ಬರೆದಿರುವಷ್ಟನ್ನೇ ಓದು ಅಂದಳು, ಕನ್ನಡದಲ್ಲಿ ಓದು ಅಂದಳು. ದೊಡ್ಡಪ್ಪ ಕೂಗುತ್ತಿದ್ದ ಹಾಗೆ ಓದಿದೆ. ತಲೆ ತಗ್ಗಿಸಿ ಕೇಳಿ, ಇನ್ನೊಂದು ಸಲ ಅಂದಳು.