ಮಾವ ಸುಮ್ಮನಿದ್ದ ಮೂರು ಮೊಳ

ನನ್ನ ಮಾವ ಸಮೇಲಪ್ಪನವರು ಬದುಕಿನ ಅರ್ಧ ದಾರಿಯನ್ನು ಹಿಂದಕ್ಕೆ ನಡೆದೇ ಕಳೆದವರು. ಹಗ್ಗ ಹೊಸೆಯುವವರ ಕೆಲಸವೇ ಹಾಗೆ. ಒಂದು ತುದಿಯಲ್ಲಿ ಒಬ್ಬರು ಕೂತು ಕೊಕ್ಕೆ ತಿರುಗಿಸಬೇಕು. ಇನ್ನೊಬ್ಬರು ನಡುವಿಗೆ ಪುಂಡಿನಾರಿನ ಹೊರೆ ಕಟ್ಟಿಕೊಂಡು, ಬೆರಳಿನಿಂದ ನಾರು ಬಿಡುತ್ತಾ ಹಿಂದೆ ಹಿಂದೆ ಸರಿಯಬೇಕು. ಕಮಲಾಪುರದ ನಮ್ಮ ಓಣಿಯಲ್ಲಿ ಬೇವಿನ ಮರದಿಂದ ಹುಣಸೆ ಮರದ ತನಕ ಅವರು ತುಳಿದು ತುಳಿದು ನೆಲ ಸವೆದಿತ್ತು. ಹಾಗೆ ನಡೆಯುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಮೊಳಕ್ಕೊಂದು ಪ್ರಾರ್ಥನೆ. ಹಗ್ಗ ಯಾರಿಗೋ ಅವರ ಹೆಸರು ಹೇಳಿ, "ಪ್ರಭುವೇ, ಇದನ್ನ ಹಿಡಿಯೋ ಕೈ ಕಾಯಿ" ಅನ್ನುವರು. ಮುಂದಿನ ಮೊಳಕ್ಕೆ ಮತ್ತೆ ಅದೇ.

ನಮ್ಮ ಮನೆಯವರು ಕಿರಸ್ತಾನರಾದ ಹೊಸದರಲ್ಲಿ ಪಾದ್ರಿಗಳು ಮೊಣಕಾಲೂರಿ ಪ್ರಾರ್ಥಿಸಬೇಕೆಂದು ಕಲಿಸಿದ್ದರಂತೆ. "ಮೊಣಕಾಲೂರಿ ಕುಂತ್ರ ಹಗ್ಗ ಯಾರು ಹೊಸೀಬೇಕ್ರಿ?" ಎಂದು ಮಾವ ಕೇಳಿದ್ದರಂತೆ. ನನಗೆ ಹೇಳುತ್ತಿದ್ದದ್ದು ಬೇರೆ ಮಾತು: "ಹಿಂದಕ್ಕ ನಡೆಯೋನಿಗಿ ದಾರಿ ಕಾಣಂಗಿಲ್ಲವ್ವ ಮಾರ್ತಾ. ಆ ತುದಿ ಹಿಡಿದವರ ಮಾರಿ ಒಂದೇ ಕಾಣ್ತದ. ಪ್ರಾರ್ಥನಿ ಅಂದ್ರ ಅಷ್ಟೇ." ಆ ತುದಿಯಲ್ಲಿ ಕೂತು ಕೊಕ್ಕೆ ತಿರುಗಿಸುತ್ತಿದ್ದವಳು ನಾನು. ನನ್ನ ಮುಖದಲ್ಲಿ ಅವರಿಗೆ ಯಾವ ದೇವರು ಕಂಡನೋ ಗೊತ್ತಿಲ್ಲ. ಗಂಡ ಸತ್ತ ಮೇಲೆ ಅದರಲ್ಲಿ ಸಿಟ್ಟು ಬಿಟ್ಟು ಬೇರೇನೂ ಉಳಿದಿರಲಿಲ್ಲ.

ನನ್ನ ಗಂಡ ದಾವೀದ ಸತ್ತದ್ದು ಊರ ಪಾಟೀಲನ ಬಾವಿಯಲ್ಲಿ. ಪಾಟೀಲನಿಗೆ ಕೆಂಪು ಬಾಳೆಯ ದೊಡ್ಡ ತೋಟ. ಒಂದು ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯಲು ದಾವೀದನನ್ನು ಇಳಿಸಿದ. ಹಗ್ಗ ಪಾಟೀಲನ ಕೊಟ್ಟಿಗೆಯದು, ಎರಡು ಮಳೆಗಾಲ ನೆಂದು ಹಾಳಾದದ್ದು. "ಇದು ತಡೆಯಂಗಿಲ್ರಿ" ಎಂದು ನನ್ನ ಗಂಡ ಹೇಳಿದ್ದನ್ನು ಅಲ್ಲಿದ್ದ ನಾಲ್ಕು ಮಂದಿ ಕೇಳಿದ್ದಾರೆ. ಹಗ್ಗ ನಡುವೆ ಹರಿಯಿತು. ವಿಚಾರಣೆಗೆ ಬಂದ ಪೊಲೀಸ್ ಅಮೀನನ ಮುಂದೆ ಪಾಟೀಲ, "ಹಗ್ಗ ಹೊಸದೇ ರೀ ಸಾಹೇಬ್ರ, ಇವರಪ್ಪನೇ ಹೋದ ವಾರ ಮಾಡಿ ಕೊಟ್ಟಾನ" ಅಂದ. ಆಗ ಕಚೇರಿಯ ಭಾಷೆ ಉರ್ದು, ಅದರಲ್ಲೇ ಬರೆದುಕೊಂಡರು. ಏನು ಬರೆದಿದೆ ಎಂದು ತಿಳಿಯದೆ ಮಾವ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಆಮೇಲೆ ಕಲಬುರಗಿಯ ಕಚೇರಿಯಲ್ಲಿ ಯಾರೋ ಅದನ್ನು ಓದಿ ಹೇಳಿದಾಗಲೇ ನಮಗೆ ಗೊತ್ತಾದದ್ದು: ಮಗನನ್ನು ಕೊಂದದ್ದು ಅಪ್ಪನ ಹಗ್ಗ, ಮತ್ತು ಅಪ್ಪ ಅದನ್ನು ಒಪ್ಪಿಕೊಂಡಿದ್ದಾನೆ.

ಅವತ್ತು ಗಾಡಿಯಲ್ಲಿ ಕಮಲಾಪುರಕ್ಕೆ ಹಿಂದಿರುಗುವಾಗ ಮಾವ ಒಂದು ಹೊಸ ಪ್ರಾರ್ಥನೆ ಶುರುಮಾಡಿದರು. ಮುಂದೆ ದಿನಾ ಬೆಳಿಗ್ಗೆ ಅದನ್ನು ಕೇಳಿದ್ದೇನೆ. "ಪ್ರಭುವೇ, ಪಾಟೀಲನ್ನ ಇವತ್ತೊಂದು ದಿನ ನನ್ನ ಕೈಗಿ ಕೊಡಬ್ಯಾಡ." ಅದರಲ್ಲಿ ಕ್ಷಮೆಯ ಮಾತೇ ಇರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ.

"ಕ್ಷಮಾ ಮಾಡೀನಿ ಅಂತ ಸುಳ್ಳು ಹೇಳಿದ್ರ ಮ್ಯಾಲಿರೋ ಅಂವಗ ತಿಳಿಯಂಗಿಲ್ಲೇನು? ಇದ್ದದ್ದು ಹೇಳ್ತೀನಿ. ಒಳಗ ದಿನಾ ಹೊಡೆದಾಟ ನಡದದ. ಇವತ್ತಿಂದು ಇವತ್ತಿಗಿ."

ನನ್ನದೂ ಒಂದು ಪ್ರಾರ್ಥನೆಯಿತ್ತು: ಒಂದೇ ಒಂದು ದಿನ ಅವನನ್ನು ನನ್ನ ಕೈಗೆ ಕೊಡು. ಒಂದೇ ಮನೆಯಿಂದ ಒಂದೇ ಹೊತ್ತಿಗೆ ಎರಡೂ ಮೇಲಕ್ಕೆ ಹೋಗುತ್ತಿದ್ದವು. ದೇವರು ನನ್ನದನ್ನೇ ಕೇಳಿಸಿಕೊಂಡನೆಂದು ತೋರುತ್ತದೆ.

ಮರುವರ್ಷದ ಬೇಸಿಗೆಗೆ ಪಾಟೀಲ ತಾನೇ ಬಂದು ನಮ್ಮ ಬೇವಿನ ಮರದ ಕೆಳಗೆ ನಿಂತ. ದಾವೀದ ಸತ್ತ ಬಾವಿಗೆ ಇಳಿಯಲು ಯಾವ ಆಳೂ ಒಪ್ಪುತ್ತಿರಲಿಲ್ಲ, ಬಾಳೆ ಒಣಗುತ್ತಿತ್ತು. "ಈ ಸಲ ನಾನೇ ಇಳೀತೀನಿ ಸಮೇಲ. ಹಗ್ಗ ನೀನೇ ಮಾಡಿ ಕೊಡು. ನೀವು ಪ್ರಾರ್ಥನಿ ಮಾಡೋ ಮಂದಿ, ದಗಾ ಮಾಡಂಗಿಲ್ಲ." ನಮ್ಮ ದೇವರನ್ನೇ ತನಗೆ ಜಾಮೀನು ಮಾಡಿಕೊಂಡಿದ್ದ, ಹರಾಮಖೋರ. ಮಾವ ತಮ್ಮ ಅಂಗೈ ನೋಡಿಕೊಂಡು, "ನಾಡಿದ್ದು ಒಯ್ರಿ" ಅಂದರು.

ನಾನು ಆಗಲೇ ತೀರ್ಮಾನಿಸಿದೆ. ನಾರು ಬಿಡಿಸಲು ಪುಂಡಿಯ ದಂಟನ್ನು ನೀರಿನಲ್ಲಿ ಕೊಳೆಹಾಕುತ್ತೇವೆ, ಹೆಚ್ಚು ದಿನ ಬಿಟ್ಟರೆ ನಾರು ಕಪ್ಪಾಗಿ ಸತ್ತುಹೋಗುತ್ತದೆ. ಅಂಥದ್ದೊಂದು ಗುಡ್ಡೆ ಹಿತ್ತಲಲ್ಲಿ ಬಿದ್ದಿತ್ತು. ಮಾವನ ನಡುವಿಗೆ ಕಟ್ಟುವ ಹೊರೆಯನ್ನು ಸಿದ್ಧ ಮಾಡುವುದು ನನ್ನ ಕೆಲಸ. ಸುತ್ತ ಒಳ್ಳೆಯ ನಾರು ಇಟ್ಟು ನಡುವೆ ಸತ್ತದ್ದನ್ನು ಸೇರಿಸಿದೆ. ಖುಷಿಯಾಗಿತ್ತು ಅಂದರೂ ಸುಳ್ಳಲ್ಲ.

ಮಾವ ಕೊಕ್ಕೆಗೆ ನಾರು ಸಿಕ್ಕಿಸಿ ಹಿಂದಕ್ಕೆ ನಡೆಯತೊಡಗಿದರು. ಪಾಟೀಲನ ಹೆಸರು ಹೇಳಿ, "ಇದನ್ನ ಹಿಡಿಯೋ ಕೈ ಕಾಯಿ." ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದರು, ಆದರೂ ಹೇಳುತ್ತಿದ್ದರು. ಅರ್ಧ ದಾರಿಗೆ ಹೋದಾಗ ದನಿ ನಿಂತಿತು. ಕಾಲು ನಿಲ್ಲಲಿಲ್ಲ. ಒಂದು ಮೊಳ, ಎರಡು ಮೊಳ, ಮೂರು. ನಾನು ತಿರುಗಿಸುತ್ತಲೇ ಇದ್ದೆ. ಅವರು ನನ್ನನ್ನೇ ನೋಡುತ್ತಿದ್ದರು, ನಾನೂ ಅವರನ್ನೇ ನೋಡುತ್ತಿದ್ದೆ. ಕನ್ನಡಿಯಲ್ಲಿ ದಿನಾ ಕಾಣುತ್ತಿದ್ದ ನನ್ನ ಸಿಟ್ಟು ಆಗ ಅವರ ಮುಖದಲ್ಲಿತ್ತು. ಆಮೇಲೆ ಅವರು ಇದ್ದಲ್ಲೇ, ನಡುದಾರಿಯಲ್ಲಿ, ಮೊಣಕಾಲೂರಿ ಬಿದ್ದರು.

"ಮಾರ್ತಾ, ಕುಡಗೋಲು ತಾ."

ತಂದುಕೊಟ್ಟೆ. ಆ ಮೂರು ಮೊಳವನ್ನು ಕತ್ತರಿಸಿ ಆಚೆ ಎಸೆದರು. ನಾನು ಕಾದೆ.

"ಬೈರಿ ಮಾವ," ಅಂದೆ.

"ಯಾವ ಬಾಯಿಲಿಂದ ಬೈಲಿ? ಸತ್ತ ನಾರು ಮುಟ್ಟಿದ ಕೂಡ್ಲೇ ಬೆರಳಿಗಿ ಗೊತ್ತಾಯ್ತು. ಗೊತ್ತಾಗಿ ಮೂರು ಮೊಳ ಬಿಟ್ಟೀನಿ. ಪ್ರಾರ್ಥನಿ ನಿಂತ ಮ್ಯಾಲ ಕೈ ಎಷ್ಟು ಸಲೀಸ ಕೆಲಸ ಮಾಡ್ತು, ನೋಡಿದೇನು?"

ಮಗ ಸತ್ತಾಗಲೂ ಅಳದವರು ಅವತ್ತು ಅತ್ತರು. ನನಗೆ ಮರುಕ ಬರಲಿಲ್ಲ. ಇನ್ನೊಂದು ಹತ್ತು ಮೊಳ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಅವರ ಮೇಲೇ ಸಿಟ್ಟು ಬಂತು.

ಮಾವ ಬೇರೆ ಹೊರೆ ಕಟ್ಟಿಕೊಂಡು ಮೊದಲಿನಿಂದ ಹೊಸೆದರು. ಪಾಟೀಲ ಆ ಹಗ್ಗ ಹಿಡಿದು ಬಾವಿಗೆ ಇಳಿದ, ಕೂದಲು ಕೊಂಕದೆ ಮೇಲೆ ಬಂದ. ದಂಡೆಯ ಮೇಲಿದ್ದ ಮಂದಿಗೆ ಕೇಳುವಂತೆ, "ನೋಡ್ರಿ, ಈ ಸಲ ಸಮೇಲ ಚೊಲೊ ಹಗ್ಗ ಮಾಡ್ಯಾನ" ಅಂದ. ಈ ಸಲ! ಮಾವ ಅಲ್ಲೇ ನಿಂತು ಅದನ್ನು ಕೇಳಿಸಿಕೊಂಡರು. ಮನೆಗೆ ಬಂದು, ಸಂಜೆಯ ತನಕ ಪುಂಡಿಯನ್ನು ಕಲ್ಲಿಗೆ ಬಡಿದರು. ಬಡಿದು ಬಡಿದು ಆ ನಾರು ಯಾವುದಕ್ಕೂ ಬಾರದ ಹಾಗೆ ಪುಡಿಯಾಯಿತು. ಬಾಯಲ್ಲಿ ಒಂದು ಪ್ರಾರ್ಥನೆಯಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ಮತ್ತೆ ಅದೇ ದನಿ ಕೇಳಿಸಿತು, "ಇವತ್ತೊಂದು ದಿನ."

ನಾಲ್ಕು ವರ್ಷದ ಮೇಲೆ ಎದೆಯ ಬೇನೆ ಹೆಚ್ಚಾಗಿ ಅವರನ್ನು ಕಲಬುರಗಿಯ ದವಾಖಾನೆಗೆ ಸೇರಿಸಿದೆ. ಮಲಗಿದಲ್ಲೇ ಬೆರಳು ಚಾದರದ ಅಂಚನ್ನು ಹೊಸೆಯುತ್ತಿದ್ದವು. ಒಂದು ಬೆಳಿಗ್ಗೆ ಗಂಜಿ ಒಯ್ದಾಗ ಕೇಳಿದರು:

"ಪಾಟೀಲನ ಸಲುವಾಗಿ ಪ್ರಾರ್ಥನಿ ಮಾಡಿದಿ?"

"ಮಾಡೀನ್ರಿ."

"ಸುಳ್ಳು. ನಾನೂ ಇವತ್ತ ಇನ್ನಾ ಮಾಡಿಲ್ಲ. ಬಾ, ಕೂಡಿ ಮಾಡೋಣು."

ನನ್ನ ಕೈ ಹಿಡಿದು, "ಪ್ರಭುವೇ, ಪಾಟೀಲನ್ನ" ಎಂದು ಶುರುಮಾಡಿದರು. ಅಷ್ಟರಲ್ಲಿ ಕೆಮ್ಮು ಹಿಡಿಯಿತು. ಕೆಮ್ಮು ನಿಂತ ಮೇಲೆ, "ಮುಂದಿಂದು ನೀ ಹೇಳು" ಅಂದರು.

"ನಾಳಿ ಹೇಳ್ತೀನ್ರಿ ಮಾವ."

ಅವರು ನಕ್ಕರು. "ಆಯ್ತು. ಆ ತುದಿ ಮಾತ್ರ ಬಿಡಬ್ಯಾಡ." ಅವತ್ತು ಸಂಜೆ ತೀರಿಕೊಂಡರು.

ಪಾಟೀಲ ಇನ್ನೂ ಗಟ್ಟಿಯಾಗಿದ್ದಾನೆ. ಮಾವ ಎಸೆದ ಆ ಮೂರು ಮೊಳವನ್ನು ನಾನು ಎತ್ತಿ ಗೂಟಕ್ಕೆ ತೂಗುಹಾಕಿದ್ದೆ. ಒಂದು ದಿನ ಎಳೆದು ನೋಡಿದೆ. ಒಂದೇ ಜಗ್ಗಿಗೆ ಹರಿಯಿತು. ಒಬ್ಬಳೇ ಮನೆಯಲ್ಲಿ ನಕ್ಕೆ. ಆಮೇಲೆ ತುಂಡುಗಳನ್ನು ಗಂಟು ಹಾಕಿ ಮತ್ತೆ ಅಲ್ಲೇ ತೂಗುಹಾಕಿದೆ.

ಈಗ ಹಿಂದಕ್ಕೆ ನಡೆಯುವವಳು ನಾನು. ಕೊಕ್ಕೆ ತಿರುಗಿಸಲು ನನ್ನ ತಂಗಿ ಬರುತ್ತಾಳೆ. ಮಾವನ ಹಗ್ಗ ಸವೆದಿದೆ, ಹೊಸದು ಬೇಕು ಎಂದು ಪಾಟೀಲ ಹೇಳಿಕಳಿಸಿದ್ದಾನೆ, ಅವನ ಆಳು ನಾಳೆ ಬರುತ್ತಾನೆ. ಹೊರೆ ಕಟ್ಟಿಟ್ಟಿದ್ದೇನೆ. ಒಳ್ಳೆಯ ನಾರಿನದೇ. ನನ್ನ ಮೇಲೆ ನನಗೆ ನಂಬಿಕೆಯಿಲ್ಲದೆ ಎರಡು ಸಲ ಬಿಚ್ಚಿ ನೋಡಿದ್ದೇನೆ. ತಂಗಿ ಕೊಕ್ಕೆ ಹಿಡಿದು ಕೂತಿದ್ದಾಳೆ, ಬೆಳಗಿನಿಂದ ನಾನಿನ್ನೂ ಒಂದು ಹೆಜ್ಜೆ ಸರಿದಿಲ್ಲ. "ಪ್ರಭುವೇ, ಪಾಟೀಲನ್ನ" ಎಂಬಲ್ಲಿಗೆ ನಿಂತಿದ್ದೇನೆ.